ಕಣಗಿಲೆ ಗಿಡದ ಎರಡನೆಯ ಹುಳು

ಜೂನ್ 3, ಮಂಗಳವಾರ. ಬೆಳಿಗ್ಗೆ 7.30

ಔಷಧಿ ಹೊಡೆಯುವ ಪಂಪು ತೊಳೆದೆ. ಮೂತಿ ಬಿಚ್ಚಿ, ಸೂಜಿಯಿಂದ ತೂತು ಚುಚ್ಚಿ, ಮತ್ತೆ ಜೋಡಿಸಿದೆ. ತೊಳೆದ ನೀರನ್ನು ಹಿತ್ತಿಲ ಕಣಗಿಲೆ ಬುಡಕ್ಕೆ ಚೆಲ್ಲಿದೆ. ಮೂವತ್ತೊಂದು ವರ್ಷ ಕೀಟನಾಶಕದ ಅಂಗಡಿ ನಡೆಸಿದ ಕೈ. ಅಂಗಡಿ ಮುಚ್ಚಿ ಎರಡು ವರ್ಷವಾದರೂ ಸುಮ್ಮನಿರುವುದಿಲ್ಲ.

ತಿಂಗಳ ನಾಲ್ಕನೇ ಭಾನುವಾರ ಬೀದಿಯ ಒಂಬತ್ತೂ ಮನೆಗೆ ಔಷಧಿ ಹೊಡೆಯಬೇಕು. ಆ ಏರ್ಪಾಡು ನನ್ನದೇ. ನಿಯಮದ ಚೀಟಿ ಬರೆದು ಒಂಬತ್ತು ಗೇಟಿಗೂ ಅಂಟಿಸಿದವನೂ ನಾನೇ. ‘ಒಂದು ಮನೆ ಬಿಟ್ಟರೂ ಕೆಲಸ ಕೆಟ್ಟ ಹಾಗೆ.’ ಈ ಸಲ 22ಕ್ಕೆ.

ನನ್ನ ಹೆಂಡತಿ ತೀರಿಹೋಗಿ ಇವತ್ತಿಗೆ ಎಂಟು ತಿಂಗಳು. ಬೇರೇನಿಲ್ಲ.

ಜೂನ್ 5, ಗುರುವಾರ

ಕಣಗಿಲೆಯ ಎರಡು ರೆಂಬೆ ಬೋಳು. ಬಗ್ಗಿ ನೋಡಿದೆ. ಹಸಿರು ಹುಳು — ನನ್ನ ಹೆಬ್ಬೆರಳಿಗಿಂತ ದಪ್ಪ. ಎರಡಿವೆ.

ಕಣಗಿಲೆ ಎಲೆ ಅಪ್ಪಟ ವಿಷ. ಆಡು ಕೂಡ ಮೂಸಿ ಬಿಟ್ಟು ಹೋಗುತ್ತದೆ. ಇವು ನಡುವಿನ ನರ ಮಾತ್ರ ಬಿಟ್ಟು ಕರಕರ ತಿನ್ನುತ್ತಿವೆ. ಇಷ್ಟು ವರ್ಷದಲ್ಲಿ ಎಂಥೆಂಥ ಗಿರಾಕಿಗಳನ್ನು ಕಂಡಿದ್ದೇನೆ, ವಿಷವನ್ನೇ ಊಟ ಮಾಡುವವರನ್ನು ಕಂಡಿರಲಿಲ್ಲ.

ಕಡ್ಡಿಯಿಂದ ಮುಟ್ಟಿದೆ. ತಲೆ ಒಳಗೆಳೆದುಕೊಂಡು ಕತ್ತು ಉಬ್ಬಿಸಿತು. ಅಲ್ಲಿ ಎರಡು ಕಣ್ಣು. ನೀಲಿ, ಬಿಳಿ ಅಂಚು. ನಿಜವಾದ ಕಣ್ಣಲ್ಲ, ಬರೀ ಮಚ್ಚೆ — ಅಷ್ಟು ಬಾಟನಿ, ಅಲ್ಲ, ಜುವಾಲಜಿ, ನನಗೂ ಗೊತ್ತು. ಕಾಲೇಜಿನಲ್ಲಿ ಎರಡು ವರ್ಷ ಬರೀ ಮಣ್ಣು ಹೊತ್ತೆನೇ? ಅದಕ್ಕೊಂದು ಇಂಗ್ಲಿಷ್ ಮಾತಿತ್ತು. ಡಿಫೆನ್ಸ್ ಬೈ... ಬೈ ಏನೋ.

ಆದರೂ ನೋಡಿತು ಅನ್ನಿಸಿತು. ಈ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ದುರುಗುಟ್ಟಿ ನೋಡಿ ಎಷ್ಟು ದಿನವಾಯಿತು.

ಪಂಪು ತುಂಬಿಸಲು ಹೋದವನು ಖಾಲಿ ಕೈಯಲ್ಲಿ ಬಂದೆ.

ಜೂನ್ 7, ಶನಿವಾರ. ಸಂಜೆ

ದಿನಕ್ಕೆ ಹತ್ತು ಸಲ ಹಿತ್ತಿಲು. ಒಂದನೆಯದು ಮೇಲಿನ ರೆಂಬೆಯಲ್ಲಿ, ಎರಡನೆಯದು ಕೆಳಗೆ. ಮೈಯುದ್ದಕ್ಕೂ ಬಿಳಿ ಗೆರೆ, ಗೆರೆಯ ಮೇಲೆ ಚುಕ್ಕಿ, ಹಿಂದುಗಡೆ ಮೋಟು ಕೊಂಬು. ಎಂಥ ಫಿನಿಶಿಂಗ್! ಅಂಗಡಿಯಲ್ಲಿ ಹುಳದ ಚಿತ್ರಗಳ ದೊಡ್ಡ ಪೋಸ್ಟರ್ ಇತ್ತು. ಪ್ರತಿ ಚಿತ್ರದ ಮೇಲೂ ಕೆಂಪು ಇಂಟು ಗುರುತು. ಗುರುತಿನ ಕೆಳಗೆ ಏನಿದೆ ಎಂದು ನಾನು ನೋಡಿರಲೇ ಇಲ್ಲ.

ಜೂನ್ 9, ಸೋಮವಾರ. ಮಧ್ಯಾಹ್ನ 12

ಒಂದನೆಯದು ಬೆಳಿಗ್ಗೆಯಿಂದ ತಿಂದಿಲ್ಲ. ಹಸಿರು ಹೋಗಿ ಬೆನ್ನು ಕಂದಾಗಿದೆ. ನೀರುನೀರಾಗಿ ಕಕ್ಕಸ್ಸು. ರೆಂಬೆ ಬಿಟ್ಟು ಕೆಳಗಿಳಿದು, ದಿಕ್ಕುಗೆಟ್ಟಂತೆ ನೆಲದ ಮೇಲೆ ಅಲೆಯುತ್ತಿದೆ.

ಇದು ನನಗೆ ಗೊತ್ತು. ಗಿರಾಕಿಗಳಿಗೆ ನಾನೇ ಬಾಯಿಪಾಠ ಒಪ್ಪಿಸುತ್ತಿದ್ದೆ: ಲಾಸ್ ಆಫ್ ಅಪೆಟೈಟ್, ಡಿಸ್‌ಕಲರೇಶನ್, ರೆಸ್ಟ್‌ಲೆಸ್‌ನೆಸ್ — ಈ ಮೂರು ಕಂಡರೆ ಔಷಧಿ ಹತ್ತಿದೆ, ನಾಳೆಗೆ ಮುಗಿಯುತ್ತದೆ.

ಮಂಗಳವಾರ ಬುಡಕ್ಕೆ ಚೆಲ್ಲಿದ ನೀರು. ಬೇರು ಹೀರಿರಬೇಕು.

12.40

ನರಳಿಸುವುದು ಬೇಡ ಎಂದು ಕಲ್ಲು ತಂದೆ. ಒಂದೇ ಏಟು.

ಕೈ ಎರಡು ಸಲ ತೊಳೆದೆ. ಎರಡನೆಯದು ಇನ್ನೂ ಹಸಿರು, ತಿನ್ನುತ್ತಿದೆ.

ಜೂನ್ 11, ಬುಧವಾರ

ನಾದಿನಿ ಬಂದಿದ್ದಳು. ಅವಳ ಟೈಲರ್ ಅಂಗಡಿಗೆ ವಾರದ ರಜೆ. ನನ್ನ ಅಂಗಿಯ ಗುಂಡಿಗಳನ್ನು ಎಣಿಸಿ ಬೈಯುವುದು ಅವಳ ಹಕ್ಕು. ಹಿತ್ತಿಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು.

“ಭಾವಾ, ಇದೇನು, ಹುಳ ಇನ್ನೂ ಜೀವಂತ ಇದೆ! ನಿಮಗೆ ಹುಷಾರಿಲ್ವಾ?”

ಒಂದನೆಯದರ ಸಂಗತಿ ಹೇಳಿದೆ. ಬಣ್ಣ, ಕಕ್ಕಸ್ಸು, ಅಲೆದಾಟ, ಕಲ್ಲು. ಕರುಣೆ ತೋರಿದೆ ಎಂಬ ಧಾಟಿಯಲ್ಲೇ ಹೇಳಿದೆ. ಅವಳ ಮುಖ ಇಳಿಯಿತು.

“ಅದು ಸಾಯ್ತಿರಲಿಲ್ಲ ಭಾವ. ಹೊರಟಿತ್ತು.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ! ಒಣಗಿದ ಎಲೆ ಹುಡುಕ್ಕೊಂಡು. ಹೊಟ್ಟೆ ಖಾಲಿ ಮಾಡ್ಕೊಂಡು, ಬಣ್ಣ ಬದಲಾಯಿಸ್ಕೊಂಡು, ಎಲೆ ಅಡೀಲಿ ಬಲೆ ಕಟ್ಟಿ ಮಲಗುತ್ತೆ. ಹದಿನೈದು ದಿನಕ್ಕೆ ಪತಂಗ. ಹುಳದ ಅಂಗಡಿಯೋರಿಗೆ ಇಷ್ಟೂ ಗೊತ್ತಿಲ್ವಾ?”

“ನಿನಗೆ ಯಾರು ಹೇಳಿದರು?”

ನನ್ನ ಅಂಗಿಯ ಗುಂಡಿ ಹೊಲಿಯಲು ಸೂಜಿಗೆ ದಾರ ಪೋಣಿಸಿದಳು.

“ಅಕ್ಕ. ನೀವು ಔಷಧಿ ಹೊಡೆಯೋ ಭಾನುವಾರ ನಮ್ಮನೆಗೆ ಬರ್ತಿದ್ಲಲ್ಲ...”

“ವಾಸನೆಗೆ ತಲೆನೋವು ಅಂತ.”

“ತಲೆನೋವಂತೆ! ಬುಟ್ಟೀಲಿ ಹುಳ ತುಂಬ್ಕೊಂಡು ಬರ್ತಿದ್ಲು. ನನ್ನ ಹೊಲಿಗೆ ಮಿಷಿನ್ ಪಕ್ಕ ಎಲೆ ಡಬ್ಬ. ಗಿರಾಕಿಗಳು ರವಿಕೆ ಅಳತೆ ಕೊಡೋಕೆ ಬಂದು ಚೀರ್ಕೊಂಡು ಓಡಿದ್ದೂ ಇದೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಡೋಸು ಹೇಳ್ತಿದ್ರಿ.”

ಅವಳು ನಕ್ಕಳು. ನಾನು ನಗಲಿಲ್ಲ. ಹೋಗುವಾಗ ಕಣಗಿಲೆಯ ಕೆಳಗೆ ಒಣ ಎಲೆ ಗುಡ್ಡೆ ಹಾಕಿ ಎಚ್ಚರಿಸಿದಳು: “ಒಳಗೆ ಹೋಗಿ ಬಲೆ ಕಟ್ಟಿದ ಮೇಲೆ ಕೈ ಹಾಕ್ಬೇಡಿ. ಗುಡಿಸ್ಬೇಡಿ. ನಿಮ್ಮ ಕೈಗೆ ಸ್ವಲ್ಪ ರಜೆ ಕೊಡಿ.”

ಜೂನ್ 12, ಗುರುವಾರ. ಸಂಜೆ 5

ಎರಡನೆಯದಕ್ಕೂ ಬಂತು. ಬೆನ್ನು ಕಂದು, ಊಟ ಬಿಟ್ಟಿದೆ.

ನಾದಿನಿ ಹೇಳಿದ್ದು ನಿಜವೇ ಇರಬಹುದು. ಆದರೆ ತೊಳೆದ ನೀರು ಬುಡಕ್ಕೆ ಹೋಗಿದ್ದೂ ನಿಜ. ಹೊರಟಿದೆಯೋ, ಸಾಯುತ್ತಿದೆಯೋ? ಎರಡಕ್ಕೂ ಲಕ್ಷಣ ಒಂದೇ. ಮೂವತ್ತೊಂದು ವರ್ಷದ ಸರ್ವಿಸ್ ಇಟ್ಟುಕೊಂಡು ನನಗೆ ಹೇಳಲಾಗುತ್ತಿಲ್ಲ.

6.15

ಗುಡ್ಡೆಯೊಳಗೆ ಹೋಯಿತು. ಎಲೆಗಳು ಒಂದು ನಿಮಿಷ ಅಲ್ಲಾಡಿದವು. ಆಮೇಲೆ ಇಲ್ಲ.

ಜೂನ್ 20, ಶುಕ್ರವಾರ

ಎಂಟು ದಿನ ಬರೆಯಲಿಲ್ಲ. ಬರೆಯಲು ಏನಿದೆ, ಎಲೆ ಗುಡ್ಡೆ ಎಲೆ ಗುಡ್ಡೆಯ ಹಾಗೇ ಇದೆ. ದಿನಾ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಎತ್ತಿ ನೋಡೋಣ ಎಂದು ಬೆರಳು ತುರಿಸುತ್ತದೆ. ಕೈಗೆ ರಜೆ, ಕೈಗೆ ರಜೆ.

ಗುಲಾಬಿ ಮೇಷ್ಟ್ರ ಮನೆಗೆ ಹೋದೆ. ಪಕ್ಕದ ಮನೆ, ನಡುವೆ ತಂತಿ ಬೇಲಿಯಷ್ಟೇ. ಗಣಿತ ಕಲಿಸಿ ನಿವೃತ್ತರು. ಹೆಸರಿಗೆ ತಕ್ಕಂತೆ ಅರವತ್ತು ಕುಂಡ ಗುಲಾಬಿ. ಔಷಧಿಯ ಉಸ್ತುವಾರಿ ಈಗ ಅವರದು. ಹುಳದ ಸಂಗತಿ ಹೇಳಿ, ಈ ತಿಂಗಳು ನಮ್ಮಿಬ್ಬರ ಮನೆ ಬಿಡಿ ಎಂದೆ.

“ಔಷಧಿಯವ್ರೇ, ಚೀಟಿ ಬರೆದೋರು ಯಾರು?”

“ನಾನೇ. ತಪ್ಪು ಬರೆದೆ.”

“ಐದು ವರ್ಷ ನಿಮ್ಮ ಚೀಟಿ ನಂಬಿ ಬಾಗಿಲು ಕಿಟಕಿ ಮುಚ್ಕೊಂಡು ಬೆವರಿದ್ದೀನಿ. ಈಗ ಒಂದು ಹುಳಕ್ಕೋಸ್ಕರ ತಪ್ಪು ಅಂತೀರಾ? ಅದು ಬದುಕಿದೆ ಅಂತಾದ್ರೂ ಗೊತ್ತಾ?”

“ಗೊತ್ತಿಲ್ಲ.”

“ಗೊತ್ತಿಲ್ಲದ ಹುಳಕ್ಕೆ ನನ್ನ ಅರವತ್ತು ಗಿಡ ಅಡ ಇಡಲ್ಲ. ನಿಮ್ಮನೆ ಬೇಕಾದ್ರೆ ಬಿಡ್ತೀನಿ. ನಮ್ಮನೆ ಬಿಡಲ್ಲ.”

ಗಾಳಿ ಆ ಕಡೆಯಿಂದಲೇ ಬೀಸುತ್ತದೆ. ಬೇಲಿಗೂ ಕಣಗಿಲೆಗೂ ಆರು ಅಡಿ. ಯಾವ ಮಿಶ್ರಣ ಎಷ್ಟು ದೂರ ಹಾರುತ್ತದೆ ಎಂದು ಈ ಬೀದಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆರು ಅಡಿ ಯಾವ ಲೆಕ್ಕಕ್ಕೂ ಇಲ್ಲ.

ಜೂನ್ 22, ಭಾನುವಾರ. ಬೆಳಿಗ್ಗೆ 10

ಬಟ್ಟೆ ಒಗೆಯುವ ದೊಡ್ಡ ಟಬ್ಬನ್ನು ಗುಡ್ಡೆಯ ಮೇಲೆ ಬೋರಲು ಹಾಕಿದೆ. ಅಂಚಿಗೆ ಸುತ್ತಲೂ ಒದ್ದೆ ಚೀಲ. ಗಾಳಿಗೆ ಹಾರಬಾರದೆಂದು ಮೇಲೆ ನಾನೇ ಕೂತೆ, ಮೂಗಿಗೆ ಟವೆಲು ಕಟ್ಟಿಕೊಂಡು.

ಪಂಪಿನವನು ಮೇಷ್ಟ್ರ ಬೇಲಿಯ ಪಕ್ಕ ಬಂದು ನಿಂತ. ಅಂಗಡಿಯ ಕಾಲದಿಂದ ಪರಿಚಯ. ಔಷಧಿ ಬೆರೆಸುವುದನ್ನು ಕಲಿತದ್ದೇ ನನ್ನ ಹತ್ತಿರ.

“ಇದೇನ್ ಸಾರ್, ಸಿಂಹಾಸನ? ನಿಮ್ಗೂ ಒಂದ್ ರೌಂಡ್ ಹೊಡೀಲಾ?”

“ಹೊಡಿ. ಡೋಸ್ ನೋಡಿಕೊಂಡು ಹೊಡಿ.”

ಅವನು ನಗುತ್ತಾ ಹಿಡಿ ಒತ್ತಿದವನು ನಿಲ್ಲಿಸಿದ. ನನ್ನ ಮುಖದಲ್ಲಿ ಏನು ಕಂಡನೋ. ಹಿಂದೆ ಬಾಗಿಲ ಸಂದಿಯಿಂದ ಮೇಷ್ಟ್ರು, “ಯಾಕಯ್ಯ ನಿಂತೆ?” ಎಂದರು.

“ಅವರು ಏಳ್ತಿಲ್ಲ ಸಾರ್. ಕಲಿಸ್ಕೊಟ್ಟೋರ ಮುಖಕ್ಕೆ ಹೆಂಗೆ ಹೊಡೀಲಿ?”

ಮೇಷ್ಟ್ರು ಹೊರಗೆ ಬಂದರು. ನನ್ನನ್ನು ನೋಡಿದರು, ಟಬ್ಬನ್ನು ನೋಡಿದರು. ಲೆಕ್ಕ ತಾಳೆಯಾಗದಾಗ ಹುಡುಗರನ್ನು ಹೀಗೇ ನೋಡುತ್ತಿದ್ದರೇನೋ.

“ಬೇಲಿ ಪಕ್ಕದ ಎರಡು ಸಾಲು ಬಿಡು,” ಎಂದರು. “ಉಳಿದದ್ದಕ್ಕೆ ಹೊಡಿ.” ನನ್ನ ಕಡೆ ತಿರುಗಿ, “ಆ ಇಪ್ಪತ್ತು ಗಿಡಕ್ಕೆ ಹುಳ ಬಿದ್ರೆ ನೀವೇ ಕೈಯಲ್ಲಿ ಆರಿಸ್ಕೊಡ್ಬೇಕು.”

ಆರಿಸುತ್ತೇನೆ ಎಂದೆ.

ಆದರೂ ವಾಸನೆ ಬಂತು. ಸಣ್ಣಗೆ, ಹತ್ತು ನಿಮಿಷ. ಟಬ್ಬಿನ ಕೆಳಗೆ ಹೋಗಿರಲಾರದು. ಹೋಗಿರಲಾರದು.

ಮಧ್ಯಾಹ್ನ 3

ಟಬ್ಬು ತೆಗೆದೆ. ಒಂದೆರಡು ಎಲೆಯ ಅಂಚಿಗೆ ತೇವ. ಚೀಲದ ನೀರೋ, ಅದೋ — ಮೂಸಿದೆ. ಮೂಗು ತುಂಬ ಆ ವಾಸನೆಯೇ ಇದೆ, ಏನೂ ಗೊತ್ತಾಗುತ್ತಿಲ್ಲ.

ಜೂನ್ 25, ಬುಧವಾರ. ಸಂಜೆ 6.10

ಎಲೆ ಅಲ್ಲಾಡಿತು. ಗಾಳಿ ಇಲ್ಲ.

ನಾದಿನಿ ಪಕ್ಕದಲ್ಲಿದ್ದಾಳೆ. ಮೊಣಕಾಲೂರಿ ಕೂತಿದ್ದೇವೆ. ನಾನು ತೊಡೆಯ ಮೇಲೆ ಪುಸ್ತಕವಿಟ್ಟು ಬರೆಯುತ್ತಿದ್ದೇನೆ; ಕೈಗೆ ಬೇರೆ ಕೆಲಸ ಕೊಡಬಾರದು.

6.20

ಹೊರಗೆ ಬಂತು. ಕಣಗಿಲೆ ಕಾಂಡ ಹತ್ತುತ್ತಿದೆ. ಮೈ ದಪ್ಪ, ಹಸಿರು. ಆದರೆ ರೆಕ್ಕೆ... ರೆಕ್ಕೆಯೇ ಅಲ್ಲ. ಉಗುರಿನಷ್ಟು, ಹಿಂಡಿ ಬಿಸಾಡಿದ ಬಟ್ಟೆಯ ಹಾಗೆ ಮುದುಡಿದೆ. ಔಷಧಿ ತಾಗಿದ್ದರೂ ಹೀಗೇ ಆಗುತ್ತದೆ. ಡಿಫಾರ್ಮಿಟಿ. ನೋಡಿದ್ದೇನೆ.

“ಹೀಗೇ ಬರೋದಾ?” ಎಂದೆ.

“ನಾನು ಬರೋದನ್ನ ನೋಡಿಲ್ಲ ಭಾವ. ಅಕ್ಕ ಒಬ್ಳೇ ನೋಡ್ತಿದ್ಲು. ನಾನು ಡಬ್ಬ ನೋಡೋ ಹೊತ್ತಿಗೆ ಹಾರಿರೋದು.”

6.35

ತಲೆಕೆಳಗಾಗಿ ಜೋತುಬಿದ್ದಿದೆ. ನಡುಗುತ್ತಿದೆ. ನಾನು ಮುಟ್ಟಿಲ್ಲ.

6.40

ಬಲಗಡೆ ಇಳಿಯುತ್ತಿದೆ! ನೀರಿಳಿದ ಹಾಗೆ ನಿಧಾನಕ್ಕೆ — ಹಸಿರು, ಅದರೊಳಗೆ ಗುಲಾಬಿ ಗೆರೆ. ನಾದಿನಿ ನನ್ನ ತೋಳು ಹಿಡಿದಿದ್ದಾಳೆ, ಅಕ್ಷರ ಸೊಟ್ಟ ಆಗುತ್ತಿದೆ. ಎಡಗಡೆಯದು ಇನ್ನೂ ಮುದುಡಿಯೇ ಇದೆ. ಇಲ್ಲ, ತುದಿ ಸ್ವಲ್ಪ ಬಿಚ್ಚಿಕೊಳ್ಳುತ್ತಿದೆ.