ರಬ್ಬರ್ ಹುಳಕ್ಕೊಂದು ಪಾತ್ರೆ

ಹೊನ್ನಾಳಿ
ತಾ. ೧೪-೩-೧೯೮೪, ಬುಧವಾರ

ನಮ್ಮ ಗಾದ್ರಿಯ ಅಪ್ಪನಿಗೆ ಹೊನ್ನೂರಮ್ಮ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ, ಇಲ್ಲಾ ಪಾವ್ ತಿಂದು ನೀರು ಕುಡಿದು ಮಲಗಿಬಿಡುತ್ತೀರೋ? ನಿಮ್ಮ ಕೋಣೆಗೆ ಹೊಸದಾಗಿ ಬಂದವರು ರೊಟ್ಟಿ ಸುಡುವುದನ್ನು ಕಲಿತರೇ, ಅಥವಾ ಈಗಲೂ ಎಲ್ಲ ನಿಮ್ಮ ತಲೆಗೇ ಕಟ್ಟಿದ್ದಾರೆಯೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ಈಚೆಗೆ ನನಗೆ ಅಷ್ಟು ಬರೆಯುವುದಕ್ಕೂ ಬೇಸರ. ಗಾದ್ರಿ ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ, ನಡುವೆ ಏನು ಕಲಿಯುತ್ತಾಳೋ ಮೇಷ್ಟ್ರಿಗೇ ಗೊತ್ತು. ಹೊಳೆ ಬತ್ತಿ ಬಂಡೆಗಳು ಎದ್ದಿವೆ, ಮಡುವಿನಲ್ಲಿ ಮಾತ್ರ ನೀರಿದೆ. ಮಾವನವರು ದಿನಾ ಅಲ್ಲಿಗೇ ಗಾಳ ಹಿಡಿದು ಹೋಗುತ್ತಾರೆ. ಅತ್ತೆಯವರ ಸಮಾಚಾರ ಮುಂದೆ ಬರೆಯುತ್ತೇನೆ. ಗಾಬರಿಯಾಗಬೇಡಿ, ಓಡಾಡಿಕೊಂಡಿದ್ದಾರೆ.

ನಿಮ್ಮ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಬೊಂಬಾಯಿ ಬಂದರಿನಲ್ಲಿ ಯಾವನೋ ಹಡಗಿನವನ ಕೈಯಲ್ಲಿ ಮೆತ್ತನೆಯ ರಬ್ಬರ್ ಹುಳ ಕಂಡಿರಂತೆ. ಗಾಳಕ್ಕೆ ಸಿಕ್ಕಿಸಿದರೆ ಮೀನು ಅದನ್ನು ಎರೆಹುಳವೆಂದೇ ನುಂಗುತ್ತದಂತೆ. ನಿಮ್ಮ ಕಾರ್ಖಾನೆಯಲ್ಲಿ ಗೊಂಬೆ ಮಾಡುವ ಹಾಲಿನಂಥ ಪ್ಲಾಸ್ಟಿಕ್ಕೇ ಅದಕ್ಕೂ ಆಗುತ್ತದಂತೆ. ಭದ್ರಾ ಡ್ಯಾಮಿಗೆ ಭಾನುವಾರ ಗಾಳದ ಕೋಲು ಹಿಡಿದು ಬರುವ ಸಾಹೇಬರೆಲ್ಲ ಮುಗಿಬಿದ್ದು ಕೊಳ್ಳುತ್ತಾರಂತೆ. ಎಲ್ಲ ಅಂತೆಗಳೇ. ಒಂದು ಡಬ್ಬಿ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಅಚ್ಚನ್ನೂ ಅಡಿಕೆ ಲಾರಿಯವನ ಕೈಲಿ ಕಳಿಸಿ, ಕರಗಿಸುವುದಕ್ಕೆ ಯಾವ ಪಾತ್ರೆ, ಯಾವ ಒಲೆ ಒಗ್ಗುತ್ತದೋ ನೀನೇ ಮಾಡಿ ನೋಡು, ಹುಳ ಸರಿಯಾಗಿ ಬಂದರೆ ಕೆಲಸ ಬಿಟ್ಟು ಊರಿಗೇ ಬಂದುಬಿಡುತ್ತೇನೆ ಎಂದು ಬರೆದಿರಿ. ಆ ಕೊನೆಯ ಮಾತು ಇಲ್ಲದಿದ್ದರೆ ಡಬ್ಬಿ ಅಂದೇ ಅಟ್ಟ ಸೇರುತ್ತಿತ್ತು. ನಾನು ಹೊಳೆಯಿಲ್ಲದ ಸೊಕ್ಕೆಯ ಬಯಲಿನಲ್ಲಿ ಹುಟ್ಟಿದವಳು. ಮದುವೆಯಾಗಿ ಇಲ್ಲಿಗೆ ಬರುವ ತನಕ ಮೀನು ನೀರಿನಲ್ಲಿ ಓಡಾಡುವುದನ್ನೇ ಸರಿಯಾಗಿ ನೋಡಿರಲಿಲ್ಲ. ಆದರೂ ನೀವು ಬರುತ್ತೀರೆಂಬ ಆಸೆಗೆ ಸೆರಗು ಸಿಕ್ಕಿಸಿ ನಿಂತೆ.

ಮೊದಲು ಹಳೆಯ ಚಾ ಪಾತ್ರೆಯನ್ನು ಪಂಪ್ ಸ್ಟೌ ಮೇಲಿಟ್ಟೆ. ಅದು ತೆಳು. ಮೇಲೆ ಇನ್ನೂ ಹಾಲಿನಂತೆ ಬೆಳ್ಳಗಿರುವಾಗಲೇ ತಳ ಹಳದಿಯಾಗಿ, ಕಂದಾಗಿ, ಹೊತ್ತಿಹೋಯಿತು. ಪಡಸಾಲೆಯಲ್ಲಿದ್ದ ಮಾವನವರು ಮೂಗು ಮುಚ್ಚಿಕೊಂಡು "ಏನವ್ವಾ, ಯಾರ ಚಪ್ಪಲಿ ಸುಡಾಕೆ ಹಚ್ಚೀಯ?" ಎಂದರು. ಅಂದಿನಿಂದ ಅಡುಗೆಮನೆ ಬಿಟ್ಟು ಹಿತ್ತಲಲ್ಲಿ ಕಲ್ಲು ಹೂಡಿ, ಸೌದೆ ಒಲೆ ಮಾಡಿಕೊಂಡೆ. ಆಮೇಲೆ ಕಬ್ಬಿಣದ ಬಾಣಲೆ. ಅದು ದಪ್ಪ, ಕಾವೇನೋ ತಡೆಯಿತು. ಆದರೆ ಅದಕ್ಕೆ ಮೂತಿಯಿಲ್ಲ. ಅಚ್ಚಿಗೆ ಬಿದ್ದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚು. ಅಂಟಿಕೊಂಡದ್ದನ್ನು ಕೆರೆಯುತ್ತಾ ಕೂತಾಗ, ನಿಮ್ಮನ್ನು ಕಟ್ಟಿಕೊಂಡದ್ದಕ್ಕೆ ಇನ್ನೂ ಏನೇನು ಕೆರೆಯಬೇಕೋ ಎಂದುಕೊಂಡೆ. ಸಿಟ್ಟಾಗಬೇಡಿ, ಅಂದುಕೊಂಡದ್ದು ನಿಜ.

ನನ್ನ ಪಾಡು ನೋಡಲಾರದೆ ಅತ್ತೆಯವರು "ಕುಡಿಕೇಲಿ ಮಾಡವ್ವ, ತಳ ಹಿಡಿಯಾದಿಲ್ಲ" ಎಂದು ತಾವೇ ಸಂತೆಗೆ ಹೋಗಿ ಒಂದು ಮಣ್ಣಿನ ಕುಡಿಕೆ ತಂದರು. ನೀರು ಸೋಕಬಾರದು ಎಂದು ನೀವು ಬರೆದದ್ದನ್ನು ಓದಿ ಹೇಳಿದ್ದೆ, ಹೂಂ ಎಂದಿದ್ದರು. ಆದರೆ ಹೊಸ ಕುಡಿಕೆಯನ್ನು ನೀರಲ್ಲಿ ನೆನೆಹಾಕಿ, ಗಂಜಿ ಕಾಯಿಸಿ ಪಳಗಿಸದೆ ಯಾರು ಒಲೆಗೇರಿಸುತ್ತಾರೆ? ಅವರ ಪ್ರಕಾರ ನೀರು ಸೋಕಬಾರದ್ದು ಪ್ಲಾಸ್ಟಿಕ್ಕಿಗೆ, ಕುಡಿಕೆಗಲ್ಲ. ನನಗೆ ಹೇಳದೆ ಎಲ್ಲ ಶಾಸ್ತ್ರ ಮಾಡಿ, ಬಟ್ಟೆಯಲ್ಲಿ ಒರೆಸಿ, ಒಣಗಿದಂತೆ ಕಾಣುವ ಕುಡಿಕೆಯನ್ನು ನನ್ನ ಕೈಗೆ ಕೊಟ್ಟರು. ಕಾವೇರಿದಾಗ ಮಣ್ಣು ಕುಡಿದಿದ್ದ ನೀರೆಲ್ಲ ಒಳಗೇ ಕುದಿದು ಪ್ಲಾಸ್ಟಿಕ್ ಸಿಡಿಯಿತು. ಪಕ್ಕದಲ್ಲಿ ಸೌದೆ ಸರಿಸುತ್ತಿದ್ದ ಅತ್ತೆಯ ಬಲಗೈ ಮೇಲೆ ಬಿತ್ತು. ಬಿಸಿ ನೀರಾದರೆ ಹರಿದು ಹೋಗುತ್ತದೆ, ಇದು ಅಂಟಿಕೊಂಡಿತು. ತೆಗೆಯುವಾಗ ಚರ್ಮವೂ ಬಂತು. ಅವರು ಕೂಗಲಿಲ್ಲ, ನಾನೇ ಕೂಗಿದೆ. ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿ ಕಟ್ಟು ಕಟ್ಟಿದರು. ಈಗ ಗಾಯ ಮಾಯುತ್ತಿದೆ, ಎಡಗೈಯಲ್ಲಿ ಉಣ್ಣುವುದಕ್ಕೆ ಮಾತ್ರ ನಾಚುತ್ತಾರೆ. "ಅವನಿಗೆ ಬರಿಬ್ಯಾಡ, ಉಣ್ಣಾದು ಬಿಡ್ತಾನೆ" ಎಂದು ನನ್ನಿಂದ ಆಣೆ ಕೇಳಿದರು. ನಾನು ಆಣೆ ಇಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ದಿನವೇ ಡಬ್ಬಿ ಹೊಳೆಗೆ ಎಸೆಯುತ್ತೇನೆಂದು ಎದ್ದೆ. ತಡೆದವರೂ ಅವರೇ. "ಎಸಿಬ್ಯಾಡವ್ವ, ನನ್ನ ಮಗ ಬರಾದು ಅದರಾಗೈತೆ" ಎಂದರು. ಡಬ್ಬಿಯನ್ನು ಮತ್ತೆ ಮೂಲೆಗಿಟ್ಟೆ. ಮಾರನೆಯ ವಾರ ಮಂಡಕ್ಕಿ ತರಲು ಚಿಕ್ಕಹನುಮಂತಪ್ಪನ ಭಟ್ಟಿಗೆ ಹೋಗಿದ್ದೆ. ಬೆಂಕಿ ಹಾಗೆ ಉರಿಯುತ್ತಿದ್ದರೂ ಬಾಣಲೆಯ ಮರಳಿನಲ್ಲಿ ಅಕ್ಕಿ ಸೀಯದೆ ಅರಳುತ್ತಿತ್ತು. ದಿನಾ ನೋಡುವುದೇ, ಅಂದು ಕಣ್ಣಿಗೆ ಬಿತ್ತು. ಮನೆಗೆ ಬಂದು ಬಾಣಲೆಗೆ ಹೊಳೆಯ ಮರಳು ತುಂಬಿ ಚೆನ್ನಾಗಿ ಹುರಿದು, ಅದರಲ್ಲಿ ದಪ್ಪ ತಳದ, ಮೂತಿಯಿರುವ ಹಾಲಿನ ಪಾತ್ರೆಯನ್ನು ಹೂತಿಟ್ಟೆ. ಪ್ಲಾಸ್ಟಿಕ್ ಮೊದಲು ಮೊಸರಿನಂತೆ ಒಡೆಯಿತು, ಆಮೇಲೆ ಗಡ್ಡೆ ಕಟ್ಟಿತು. ಕೆಟ್ಟಿತೆಂದು ಕೈಬಿಡುವಷ್ಟರಲ್ಲಿ ಬೆಲ್ಲದ ಪಾಕದಂತೆ ತಿಳಿಯಾಯಿತು. ಅಚ್ಚಿಗೆ ಹೊಯ್ದೆ. ಹುಳ ಬಂತು ಕಣ್ರೀ! ಮುಟ್ಟಿದರೆ ಬಳುಕುತ್ತದೆ, ನನಗೇ ಮೈ ಜುಂ ಎಂದಿತು.

ಮಾವನವರು "ಮೀನೇನು ಕುರುಡೇನವ್ವ?" ಎಂದು ನಗುತ್ತಲೇ ಮಡುವಿಗೆ ತೆಗೆದುಕೊಂಡು ಹೋದರು. ಬರುವಾಗ ಕೈಯಲ್ಲಿ ಮೊಳದುದ್ದದ ಬಾಳೆಮೀನು. ನೇರ ದಾರಿ ಬಿಟ್ಟು, ಬಸ್ ಸ್ಟ್ಯಾಂಡ್ ಸುತ್ತಿ, ಕಂಡಕಂಡವರಿಗೆ ತೋರಿಸಿಕೊಂಡು ಬಂದರಂತೆ. ಅತ್ತೆ ಹೊಸಿಲಲ್ಲಿ ನಿಂತು ಮೀನು ನೋಡಲಿಲ್ಲ, ಅದರ ಬಾಯಲ್ಲಿದ್ದ ಹುಳವನ್ನು ನೋಡಿ ಕಣ್ಣೊರೆಸಿಕೊಂಡರು. ಅಂತೂ ನೀವು ಕೇಳಿದ ಪಾತ್ರೆ ಗೊತ್ತಾಯಿತು. ಇಷ್ಟು ಸಣ್ಣ ಹುಳಕ್ಕೆ ಇಷ್ಟು ದಣಿದೆ ಎಂದರೆ ನಂಬುತ್ತೀರೋ ಇಲ್ಲವೋ.

ಮಾವನವರೂ ಅತ್ತೆಯವರೂ ಆಶೀರ್ವಾದ ತಿಳಿಸಿದ್ದಾರೆ. ಗಾದ್ರಿ ಮುತ್ತು ಕಳಿಸಿದ್ದಾಳೆ, ಜೊತೆಗೆ ಕಣ್ಣು ಮುಚ್ಚುವ ಗೊಂಬೆ ಬೇಕಂತೆ. ಮೈಮೇಲೆ ಎಚ್ಚರವಿರಲಿ.

ನಿಮ್ಮವಳು,
ಹೊನ್ನೂರಮ್ಮ

ಮರೆತಿದ್ದೆ: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದೆ. ಅಂಚೆ ಎತ್ತುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಮರಳಿನಲ್ಲಿಟ್ಟರೂ ಅದರ ಹೊಗೆ ತಪ್ಪುವುದಿಲ್ಲ. ನೆನ್ನೆ ಇನ್ನೊಂದಷ್ಟು ಹುಳ ಹೊಯ್ದೆ. ಬಯಲಲ್ಲಿ, ಗಾಳಿಯಲ್ಲಿ ನಿಂತಿದ್ದರೂ ಎದೆ ಬಿಗಿದು ಕೆಮ್ಮಿ ಕೆಮ್ಮಿ ಕೂತುಬಿಟ್ಟೆ. ಒಳಗೆ ಮಲಗಿದ್ದ ಅತ್ತೆ ಆ ಕೆಮ್ಮು ಕೇಳಿ, "ಲೇ ಹೊನ್ನೂರಿ, ನನ್ನ ಮಗ ಬಂದನೇನೇ?" ಎಂದು ಹಿತ್ತಲಿಗೆ ಓಡಿ ಬಂದರು. ದೀಪಾವಳಿಗೆ ಬಂದಾಗ ಬೀಡಿಯಿಂದ ಕೆಮ್ಮು ಎಂದಿರಿ, ನಾವು ನಂಬಿದೆವು. ಬೀಡಿಯಲ್ಲ ಕಣ್ರೀ. ಉಳಿದ ಪ್ಲಾಸ್ಟಿಕ್ಕನ್ನು ಗುಂಡಿ ತೋಡಿ ಹೂತಿದ್ದೇನೆ, ಇನ್ನು ಈ ಮನೆಯಲ್ಲಿ ಯಾರೂ ಅದನ್ನು ಕರಗಿಸುವುದಿಲ್ಲ, ನೀವೂ ಕೂಡ. ಹುಳ ಮಾಡುವುದಕ್ಕೆಂದು ಬರಬೇಡಿ. ಏನೂ ಇಲ್ಲದೆ ಬನ್ನಿ. ಈ ಕಾಗದ ಮುಟ್ಟಿದ ದಿನ ಕಾರ್ಖಾನೆಗೆ ಹೋಗದೆ ಸೀದಾ ಸ್ಟೇಷನ್ನಿಗೆ ಹೋಗಿ.