ಶಾಲೆಯ ಬಾಗಿಲು ತಂದುಕೊಟ್ಟವರೇ ಕಳ್ಳರಾದರೆ

ನಮ್ಮೂರ ಶಾಲೆಯ ಬಾಗಿಲುಗಳನ್ನು ಬಂಧನದಲ್ಲಿಟ್ಟಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯಿಂದ ಕಳೆದ ತಿಂಗಳು ನಮ್ಮೂರಿಗೆ ಮೂರು ಆದೇಶಗಳು ಬಂದವು. ಮೊದಲನೆಯದರ ಪ್ರಕಾರ, ಹಳೆಯ ಕನ್ನಡ ಶಾಲೆಗೆ ಊರವರು ಮರಳಿಸಿದ ಬಾಗಿಲು, ಕಿಟಕಿ, ಕರಿಹಲಗೆಗಳು ಸರ್ಕಾರಿ ಸ್ವತ್ತಾದ್ದರಿಂದ ಅವನ್ನು ಜಪ್ತಿ ಮಾಡಿ ಪಂಚಾಯಿತಿಯ ಗೋದಾಮಿನಲ್ಲಿ ಬೀಗ ಹಾಕಿಡಬೇಕು. ಎರಡನೆಯದರ ಪ್ರಕಾರ, ಅವನ್ನು ಮರಳಿಸಿದವರು ಇಷ್ಟು ವರ್ಷ ತಮ್ಮ ಬಳಿ ಏಕೆ ಇಟ್ಟುಕೊಂಡಿದ್ದರೆಂದು ಲಿಖಿತ ವಿವರಣೆ ಕೊಡಬೇಕು, ಇಲ್ಲವಾದರೆ ಕಳವಿನ ದೂರು ದಾಖಲಾಗುತ್ತದೆ. ಮೂರನೆಯದರ ಪ್ರಕಾರ, ಬಾಗಿಲು ಕಿಟಕಿಗಳೇ ಇಲ್ಲದ ಆ ಕಟ್ಟಡ ಉಪಯೋಗಕ್ಕೆ ಬಾರದ್ದರಿಂದ ಅದನ್ನು ಕೆಡವಬೇಕು. ಮೂರಕ್ಕೂ ಸಹಿ ನಿಮ್ಮದೇ. ಬಾಗಿಲುಗಳು ಎಲ್ಲಿ ಹೋದವೆಂದು ಮೂರನೆಯ ಆದೇಶಕ್ಕೆ ಸಂಶಯ ಬಂದಿದ್ದರೆ ಅದು ಮೊದಲನೆಯ ಆದೇಶವನ್ನು ಕೇಳಬಹುದಿತ್ತು. ಎರಡೂ ಒಂದೇ ಮೇಜಿನ ಮೇಲಿದ್ದವು.

ನಮ್ಮೂರು ಯಾವುದೆಂದು ನಿಮಗೆ ಗೊತ್ತು. ಪತ್ರಿಕೆಯಲ್ಲಿ ಇದನ್ನು ಓದುವ ಉಳಿದವರಿಗೆ ಇಷ್ಟು ಸಾಕು: ಯಮಕನಮರಡಿಯ ಹತ್ತಿರ ಹೈವೇ ಬಿಟ್ಟು ಕಬ್ಬಿನ ಹೊಲಗಳ ನಡುವೆ ಒಳಗೆ ಹೋದರೆ ಸಿಗುವ ಸಣ್ಣ ಊರು. ಹಳೆಯ ಶಾಲೆ ಮುಂಬಯಿ ಪ್ರಾಂತ್ಯದ ಕಾಲದ್ದು. ಕರಿಕಲ್ಲಿನ ಗೋಡೆ, ಸಾಗವಾನಿ ತೊಲೆ, ಮೇಲೆ ಹಂಚು. ಕಿಟಕಿಯಲ್ಲಿ ಒಂದು ಮಗು ಕಾಲು ಮಡಚಿ ಕೂರುವಷ್ಟು ದಪ್ಪದ ಗೋಡೆ ಅದು. ಆ ಮಗು ಬಹುತೇಕ ನಾನೇ ಆಗಿರುತ್ತಿದ್ದೆ. ನಾನು ಐದನೆಯ ತರಗತಿಯಲ್ಲಿದ್ದಾಗ ಶಾಲೆ ರಸ್ತೆ ಬದಿಯ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯದಕ್ಕೆ ಬೀಗವನ್ನೂ ಯಾರೂ ಹಾಕಲಿಲ್ಲ. ಹೊಸ ಕಟ್ಟಡದಲ್ಲಿ ಈಗ ಕೋಣೆಗಳು ಸಾಲದೆ ಎರಡು ತರಗತಿಗಳು ಪಡಸಾಲೆಯಲ್ಲಿ ಒಂದಕ್ಕೊಂದು ಬೆನ್ನು ಮಾಡಿ ಕೂರುತ್ತವೆ. ಒಂದು ಕಡೆ ಮಗ್ಗಿ, ಇನ್ನೊಂದು ಕಡೆ ಪದ್ಯ. ಮಕ್ಕಳು ಒಂದೇ ಅವಧಿಯಲ್ಲಿ ಎರಡನ್ನೂ ಕಲಿಯುತ್ತಿದ್ದಾರೆಂದು ಇಲಾಖೆ ಹೆಮ್ಮೆಪಡಬಹುದು.

ಆ ಎರಡು ತರಗತಿಗಳಿಗೆ ಹಳೆಯ ಶಾಲೆಯನ್ನೇ ಸರಿಮಾಡಿ ಕೊಡೋಣ ಎಂದು ನಾವು ಕೆಲವರು ಹೊರಟೆವು. ಕಬ್ಬು ಬೆಳೆಯುವ, ಆ ಶಾಲೆಯಲ್ಲೇ ಕಲಿತ ಮುರಿಗೆಪ್ಪ ಕಾಕಾ ನಮ್ಮ ಹಿರಿಯರು. ನನ್ನ ಜೊತೆ ಎಂ.ಎ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ರಾಜೇಶ್ವರಿ ನಮ್ಮ ಬಾಯಿ, ಏಕೆಂದರೆ ನಾಲ್ಕು ಜನರೆದುರು ನನಗೆ ಮಾತು ಬರುವುದಿಲ್ಲ. ಭಾನುವಾರಗಳಂದು ಸೇರಿ ಬಾವಲಿಗಳ ಹಿಕ್ಕೆ ಬಳಿದು ಹೊರಹಾಕಿದೆವು, ಗೋಡೆಯೊಳಗೆ ಬೇರು ಬಿಟ್ಟ ಅರಳಿ ಗಿಡಗಳನ್ನು ಬಿಡಿಸಿದೆವು, ಸುಣ್ಣಕ್ಕೆ ಮರಳು ಮತ್ತು ಬೆಲ್ಲದ ನೀರು ಕಲಸಿ ಗಾರೆ ಮಾಡಿ ಬಿರುಕು ಮುಚ್ಚಿದೆವು. ಬೆಲ್ಲ ಕಾಕಾರ ಗಾಣದ್ದು. ಕಲಸುವವರಿಗಿಂತ ತಿನ್ನುವವರು ಹೆಚ್ಚಾದರೆ ಕಾಕಾ ಬೆಲ್ಲದ ಡಬ್ಬಿಯ ಮೇಲೆಯೇ ಕೂತುಬಿಡುತ್ತಿದ್ದರು.

ಬಾಗಿಲುಗಳದ್ದೇ ಚಿಂತೆಯಾಯಿತು. ಶಾಲೆ ಖಾಲಿಯಾದ ಮೇಲೆ ಅದರ ಮೈಮೇಲಿನ ಒಂದೊಂದೇ ವಸ್ತು ಊರೊಳಗೆ ನಡೆದುಬಂದಿತ್ತು. ಕಿಟಕಿಯೊಂದು ದನದ ಕೊಟ್ಟಿಗೆಗೆ ಸೇರಿತ್ತು. ಉದ್ದಪ್ಪ ಎಂಬ ನಮ್ಮ ಓಣಿಯ ರೈತರು ಕರಿಹಲಗೆಯ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದರು. ಬೆಂಚುಗಳ ಪೈಕಿ ಹೆಚ್ಚಿನವು ಬಚ್ಚಲ ಒಲೆಯಲ್ಲಿ ಉರಿದು ಹಲವರ ಸ್ನಾನಕ್ಕೆ ನೀರು ಕಾಯಿಸಿದ್ದವು. ಯಾರ ಮನೆಯಲ್ಲಿ ಏನಿದೆಯೆಂದು ಊರಿಗೆಲ್ಲ ಗೊತ್ತಿತ್ತು, ಆದರೆ ಕೇಳುವುದು ಹೇಗೆ? 'ಸಾಲಿ ಸಾಮಾನು ಕೊಡ್ರಿ' ಎಂದು ಮನೆ ಮುಂದೆ ನಿಂತರೆ ಕಳ್ಳರೆಂದು ಕರೆದಂತಾಗುತ್ತದೆ. ಈ ಸಂಕೋಚ ನಮಗಿತ್ತು. ನಿಮ್ಮ ಕಚೇರಿಗೆ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ದಾರಿ ಹುಡುಕಿದವರು ಮುರಿಗೆಪ್ಪ ಕಾಕಾ. "ಸನ್ಮಾನ ಇಡೂಣು," ಅಂದರು. "ಯಾರು ಏನು ತಂದು ಕೊಡ್ತಾರ ಅವರಿಗೆ ಒಂದು ಶಾಲು, ಒಂದು ಹಾರ. ಮತ್ತ ಫ್ಲೆಕ್ಸಿನ್ಯಾಗ ಫೋಟೋ. ಸುಮ್ನ ಕೊಡ್ರಿ ಅಂದ್ರ ನಮ್ಮ ಮಂದಿ ಕೊಡೂದಿಲ್ಲ. ಫೋಟೋ ಹಾಕ್ತೇವಂದ್ರ ಮನಿ ತೊಲಿನೂ ಕಿತ್ಕೊಂಡು ಬರ್ತಾರ."

"ನಿಮ್ಮ ಫೋಟೋ ಎಲ್ಲಿರತೈತ್ರಿ ಕಾಕಾ?" ಎಂದು ರಾಜೇಶ್ವರಿ ಕೇಳಿದಳು.

"ಎಲ್ಲಾರಕಿಂತ ಮ್ಯಾಲ."

"ನೀವೇನು ಬಾಗಲಾ ಕೊಟ್ಟೀರಿ?"

"ಐಡಿಯಾ ಕೊಟ್ಟಿಲ್ಲೇನು?"

ಅವರು ಹೇಳಿದ್ದು ಖರೆಯಾಯಿತು. ಮದುವೆಗೆ, ಹುಟ್ಟುಹಬ್ಬಕ್ಕೆ, ಸೊಸೈಟಿ ಚುನಾವಣೆಗೆ ಯಾರ್‍ಯಾರದೋ ಮುಖ ಫ್ಲೆಕ್ಸಿನಲ್ಲಿ ನೋಡಿ ನೋಡಿ ಬೇಸತ್ತಿದ್ದ ಜನ ತಮ್ಮ ಮುಖಕ್ಕೂ ಒಂದು ಜಾಗ ಸಿಗುತ್ತದೆಂದಾಗ ಸಾಮಾನು ಹೊತ್ತು ಬಂದರು. ಕೊಟ್ಟಿಗೆಯ ಕಿಟಕಿ ತೊಳೆಸಿಕೊಂಡು ಬಂತು. ಉದ್ದಪ್ಪನವರು ಕರಿಹಲಗೆ ತಂದಾಗ ಅದಕ್ಕೆ ಅಂಟಿದ್ದ ಮೆಣಸಿನ ಘಾಟಿಗೆ ನಾವೆಲ್ಲ ಸೀನಿದೆವು. ಫ್ಲೆಕ್ಸಿನ ಮೇಲೆ 'ಶಾಲೆಯ ಸ್ವತ್ತನ್ನು ಶಾಲೆಗೆ ಮರಳಿಸಿದ ಮಹನೀಯರಿಗೆ ಹಾರ್ದಿಕ ಅಭಿನಂದನೆಗಳು' ಎಂದು ಬರೆಸಿದೆವು. ಪ್ರತಿ ಫೋಟೋದ ಕೆಳಗೆ ಹೆಸರು, ಹೆಸರಿನ ಕೆಳಗೆ ಅವರು ತಂದುಕೊಟ್ಟ ವಸ್ತು. ಅದನ್ನು ಶಾಲೆಯ ಗೋಡೆಗೇ ಕಟ್ಟಿದೆವು. ಆ ಫ್ಲೆಕ್ಸಿನಲ್ಲಿ 'ಮುಖ್ಯ ಬಾಗಿಲು' ಎಂಬ ಪದಗಳ ಮೇಲಿರುವ ಹೆಸರು ಮೈನಾಬಿ. ಆಕೆ ನನ್ನ ತಾಯಿ.

ಆ ಬಾಗಿಲಿನ ಕಥೆಯನ್ನು ನೀವು ಕೇಳಬೇಕು. ಶಾಲೆ ಖಾಲಿಯಾದ ಮುಂದಿನ ಮಳೆಗಾಲದಲ್ಲಿ ಅದು ಗಾಳಿಗೆ ಕಿತ್ತು ಅಂಗಳದಲ್ಲಿ ಬಿದ್ದಿತ್ತು. ಹೈವೇಯಲ್ಲಿ ಲಾರಿ ಓಡಿಸುವ ನನ್ನ ತಂದೆ ಮೆಹಬೂಬ ಅದು ನೆನೆಯುವುದನ್ನು ನೋಡಲಾರದೆ ಆಗಿನ ಹೆಡ್ ಮಾಸ್ತರರನ್ನು ಕೇಳಿದರು. "ಒಯ್ಯಪಾ, ಇಲ್ಲಿದ್ರ ಯಾರರ ಸುಟ್ಟು ಹಾಕ್ತಾರ," ಅಂದರಂತೆ ಮಾಸ್ತರರು. ಮನೆಗೆ ತಂದರೆ ಬಾಗಿಲು ನಮ್ಮ ಚೌಕಟ್ಟಿಗಿಂತ ಬಹಳ ಎತ್ತರ. ಬಡಿಗ ಗರಗಸ ಹಿಡಿದು ನಿಂತಿದ್ದ. ತಂದೆ ಅವನನ್ನು ಕಳಿಸಿ ಗೌಂಡಿಯನ್ನು ಕರೆಸಿದರು, ಗೋಡೆಯನ್ನು ಮೇಲಕ್ಕೆ ಒಡೆಸಿ ಬಾಗಿಲನ್ನು ಇಡಿಯಾಗಿ ನಿಲ್ಲಿಸಿದರು. ತಗ್ಗಿನ ಮನೆಗೆ ಅರಮನೆಯ ಬಾಗಿಲೆಂದು ಓಣಿಯವರು ಬಹಳ ದಿನ ನಕ್ಕರು. ಮಾನ್ಯರೇ, ಕದ್ದವನು ಬಾಗಿಲು ಕತ್ತರಿಸುತ್ತಾನೆ. ತನ್ನ ಮನೆಯ ಗೋಡೆ ಕತ್ತರಿಸುತ್ತಾನೆಯೇ?

ಬಾಗಿಲು ಮರಳಿಸುವ ದಿನ ತಂದೆ ಲಾರಿಯ ಮೇಲೆ ಹೋಗಿದ್ದರಿಂದ ಕಾಕಾ ತಾಯಿಯ ಫೋಟೋ ಕೇಳಲು ಮನೆಗೆ ಬಂದರು. ಆಧಾರ್ ಕಾರ್ಡಿನದೇ ಸಾಕು ಎಂದದ್ದಕ್ಕೆ ತಾಯಿ ಒಪ್ಪಲಿಲ್ಲ. "ಅದು ಬ್ಯಾಡ್ರಿ ಕಾಕಾ, ಅದರಾಗ ನಾ ಕಳ್ಳಿ ಹಂಗ ಕಾಣ್ತೇನಿ," ಎಂದು ಹಸಿರು ಸೀರೆ ಉಟ್ಟು ಬಂದು ಹೊಸದಾಗಿ ಫೋಟೋ ತೆಗೆಸಿಕೊಂಡರು. ಅಂದಿನಿಂದ ನಮ್ಮ ಮನೆಗೆ ತಗಡಿನ ಬಾಗಿಲು. ಅದರ ಮೇಲಿನ ಖಾಲಿ ಜಾಗದಿಂದ ಗುಬ್ಬಿಗಳು ಬಂದು ಹೋಗುತ್ತವೆ. ತಾಯಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಅವರು ಹೊಸ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ತಾವು ಬಡಿಸುವ ಮಕ್ಕಳು ನಾಳೆ ತಮ್ಮ ಬಾಗಿಲಿನೊಳಗಿಂದಲೇ ಓಡಾಡುತ್ತಾರೆಂದು ಅಡುಗೆ ಕೋಣೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು.

ಆಮೇಲೆ ನಿಮ್ಮ ಕಚೇರಿಯ ಸಿಬ್ಬಂದಿಯೊಬ್ಬರು ಪರಿಶೀಲನೆಗೆ ಬಂದರು. ನಾವು ಸಂಭ್ರಮದಿಂದ ಚಹಾ ಕೊಟ್ಟು ಕಟ್ಟಡ ತೋರಿಸಿದೆವು. ಅವರು ಒಳಗಿನ ಗಾರೆಯನ್ನಾಗಲಿ, ತೊಲೆಯನ್ನಾಗಲಿ ನೋಡಲಿಲ್ಲ. ಫ್ಲೆಕ್ಸಿನ ಮುಂದೆ ನಿಂತು ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು ಹೋದರು. ನಮ್ಮ ಕೆಲಸ ಮೆಚ್ಚಿ ಮೇಲಿನವರಿಗೆ ತೋರಿಸಲು ಒಯ್ದರೆಂದು ನಾವು ಖುಷಿಪಟ್ಟೆವು. ನೋಟಿಸುಗಳು ಬಂದಾಗ ನೋಡಿದರೆ ಹೆಸರುಗಳು ಫ್ಲೆಕ್ಸಿನಲ್ಲಿದ್ದ ಸಾಲಿನಲ್ಲೇ ಇವೆ. ತನಿಖೆಯಲ್ಲಿ ಇಷ್ಟು ಶ್ರಮ ಉಳಿಸಿದ ಆರೋಪಿಗಳು ನಿಮಗೆ ಹಿಂದೆ ಸಿಕ್ಕಿರಲಾರರು. ಮೊದಲ ಹೆಸರು ಮುರಿಗೆಪ್ಪ ಕಾಕಾರದು. ಅವರ ಫೋಟೋದ ಕೆಳಗೆ ಯಾವ ವಸ್ತುವೂ ಇರಲಿಲ್ಲವಲ್ಲ, ಆದ್ದರಿಂದ ನೋಟಿಸಿನಲ್ಲೂ ಆ ಜಾಗ ಖಾಲಿಯಿದೆ. "ನಾ ಏನು ಕದ್ದೇನಿ ಅಂತ ಅವರನ್ನ ಕೇಳ್ಕೊಂಡು ಬಾರವಾ, ಒಪ್ಕೊಳ್ಳಾಕ ಅನುಕೂಲ ಆಗತೈತಿ," ಎಂದು ಅವರು ನನಗೆ ಹೇಳಿದರು. ನಕ್ಕಿದ್ದು ಅವರೊಬ್ಬರೇ.

ತಾಯಿಯ ನೋಟಿಸಿನಲ್ಲಿ ಇನ್ನೊಂದು ಸಾಲು ಹೆಚ್ಚಿಗೆ ಇದೆ. ವಿವರಣೆ ತೃಪ್ತಿಕರವೆಂದು ತೀರ್ಮಾನವಾಗುವವರೆಗೆ ಅವರು ಶಾಲೆಯ ಅಡುಗೆ ಕೆಲಸಕ್ಕೆ ಬರತಕ್ಕದ್ದಲ್ಲ. ಈಗ ಮಧ್ಯಾಹ್ನದ ಗಂಟೆಯ ಸಮಯಕ್ಕೆ ಅವರು ಮನೆಯಲ್ಲಿ ಸುಮ್ಮನೆ ಎದ್ದು ನಿಲ್ಲುತ್ತಾರೆ, ಏನೋ ನೆನಪಾದವರಂತೆ ಮತ್ತೆ ಕೂರುತ್ತಾರೆ. ಓಣಿಯಲ್ಲಿ ಒಬ್ಬ ಹೆಂಗಸು "ಮೈನಾಬಿ, ಅಕ್ಕಿನೂ ತಂದಿದ್ದೇನ ಮನಿಗೆ?" ಎಂದು ಚೇಷ್ಟೆ ಮಾಡಿದಳು. ಚೇಷ್ಟೆಯೇ ಇರಬಹುದು. ಆ ದಿನದಿಂದ ತಾಯಿ ನೀರಿಗೆ ನನ್ನನ್ನು ಕಳಿಸುತ್ತಾರೆ.

ತಾಯಿಯ ಪರವಾಗಿ ವಿವರಣೆ ಕೊಡಲು ನಾನು ಮತ್ತು ರಾಜೇಶ್ವರಿ ನಿಮ್ಮ ಕಚೇರಿಗೆ ಬಂದಿದ್ದೆವು. ನೀವು ಕುರ್ಚಿ ಕೊಟ್ಟಿರಿ, ಜೋರಾಗಿ ಮಾತಾಡಲಿಲ್ಲ. ಅದನ್ನು ಮರೆತಿಲ್ಲ. ರಾಜೇಶ್ವರಿ ಬಾಯಿ ತೆರೆದಾಗ ನೀವು ಕೈ ಎತ್ತಿ, "ನೀವಲ್ರಿ, ಅವರ ಮಗಳು ಹೇಳ್ಲಿ," ಅಂದಿರಿ. ನನ್ನ ಕಡೆ ತಿರುಗಿ, "ಬಾಗಲಾ ನಿಮ್ಮ ಮನ್ಯಾಗ ಇತ್ತೋ, ಇಲ್ಲೋ? ಅಷ್ಟ ಹೇಳ್ರಿ," ಎಂದು ಕೇಳಿದಿರಿ.

"ಇತ್ರಿ," ಅಂದೆ.

ನೀವು ಅದನ್ನು ಬರೆದುಕೊಂಡು ಕಡತ ಮುಚ್ಚಿದಿರಿ. ನನ್ನ ಮುಂದಿನ ವಾಕ್ಯ ಕಡತದ ಹೊರಗೇ ಉಳಿಯಿತು. ಆ ಮುಂದಿನ ವಾಕ್ಯವೇ ಈ ಪತ್ರ, ಮಾನ್ಯರೇ. ಬಾಗಿಲು ನಮ್ಮ ಮನೆಯಲ್ಲಿತ್ತು, ಆದ್ದರಿಂದಲೇ ಅದು ಈಗಲೂ ಬಾಗಿಲಾಗಿದೆ. ಶಾಲೆಯಲ್ಲೇ ಇದ್ದಿದ್ದರೆ ಎಂದೋ ಬೂದಿಯಾಗಿರುತ್ತಿತ್ತು. ಅದನ್ನು ನೋಡಿಕೊಳ್ಳಬೇಕಿದ್ದ ಇಲಾಖೆ ಅಷ್ಟೂ ವರ್ಷ ಎಲ್ಲಿತ್ತೆಂದು ಕೇಳುವ ನೋಟಿಸನ್ನು ಯಾವ ಕಚೇರಿ ಕೊಡುತ್ತದೆ?

ನನ್ನನ್ನು ನಿಜಕ್ಕೂ ಹೆದರಿಸಿರುವುದು ಇನ್ನೊಂದಿದೆ. ಬೆಂಚುಗಳನ್ನು ಸುಟ್ಟವರಿಗೆ ನೋಟಿಸು ಬಂದಿಲ್ಲ. ಬರಲೂ ಸಾಧ್ಯವಿಲ್ಲ, ಬೂದಿಯ ಫೋಟೋವನ್ನು ಯಾರೂ ಫ್ಲೆಕ್ಸಿನಲ್ಲಿ ಹಾಕಿಸುವುದಿಲ್ಲ. ಕಿಟಕಿಯ ಸರಳುಗಳನ್ನು ಗುಜರಿಗೆ ಮಾರಿದವರೂ ನಿಶ್ಚಿಂತರು. ವಸ್ತುವನ್ನು ಉಳಿಸಿಕೊಂಡವರು, ಉಳಿಸಿದ್ದನ್ನು ಒಪ್ಪಿಕೊಂಡವರು, ಒಪ್ಪಿಕೊಂಡು ಹೆಗಲ ಮೇಲೆ ಹೊತ್ತು ತಂದವರು, ಇವರಷ್ಟೇ ಅಪರಾಧಿಗಳು. ನಮ್ಮೂರಿನ ಜನ ಇದನ್ನು ಬೇಗ ಕಲಿತರು. ಕಳೆದ ವಾರ ಒಂದು ಬೆಳಿಗ್ಗೆ ಶಾಲೆಯ ಹತ್ತಿರ ಹೋದರೆ ಫ್ಲೆಕ್ಸಿನಲ್ಲಿ ಮುಖಗಳಿರಲಿಲ್ಲ. ಕೆಲವನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದರು, ಕೆಲವನ್ನು ಕೈಯಿಂದಲೇ ಹರಿದಿದ್ದರು. ಅವರವರ ಮುಖ ಅವರವರು ಒಯ್ದಿದ್ದರು. ಹಸಿರು ಸೀರೆಯ ಸೆರಗಿನ ಚೂರು ಮಾತ್ರ ಒಂದು ತೂತಿನ ಅಂಚಿನಲ್ಲಿ ಉಳಿದಿತ್ತು. ನಾನು ಮನೆಯಲ್ಲಿ ಆ ವಿಷಯ ಎತ್ತಲಿಲ್ಲ. ಮೇಲಿದ್ದ ಕಾಕಾರ ಮುಖವೊಂದೇ ಇಡಿಯಾಗಿತ್ತು. ನೀವೊಬ್ಬರಾದರೂ ಧೈರ್ಯ ಮಾಡಿದಿರಿ ಎಂದರೆ, "ಕೈ ಎಟಕಲಿಲ್ಲವ್ವಾ," ಅಂದರು.

ಈಗ ಭಾನುವಾರ ಯಾರೂ ಬರುವುದಿಲ್ಲ. ಕಲಸಿಟ್ಟ ಗಾರೆ ಗಟ್ಟಿಯಾಗಿದೆ. ತಿಂಗಳ ಕೊನೆಗೆ ಜೆಸಿಬಿ ಬರುತ್ತದೆಂದು ಪಂಚಾಯಿತಿಯವರು ಹೇಳುತ್ತಾರೆ. ತಾಯಿ ನೋಟಿಸನ್ನು ನನ್ನಿಂದ ಮತ್ತೆ ಮತ್ತೆ ಓದಿಸಿ ಕೇಳುತ್ತಾರೆ. ನಿನ್ನೆ ಓದಿ ಮುಗಿಸಿದ ಮೇಲೆ, "ನಾ ಬಾಗಲಾ ಇಟ್ಕೊಂಡಿದ್ದು ತಪ್ಪೋ, ಕೊಟ್ಟಿದ್ದು ತಪ್ಪೋ? ಅದನ್ನರ ಬಿಡಿಸಿ ಬರೀರಿ ಅನ್ನು ಅವರಿಗೆ," ಅಂದರು. ಇಟ್ಟುಕೊಂಡಿದ್ದು ತಪ್ಪಾದರೆ ಕೊಟ್ಟ ದಿನ ಅದು ತೀರಿತು. ಕೊಟ್ಟಿದ್ದೇ ತಪ್ಪಾದರೆ, ದಯವಿಟ್ಟು ಹಾಗೆಂದು ಆದೇಶದಲ್ಲಿ ಸ್ಪಷ್ಟವಾಗಿ ನಮೂದಿಸಿ.

ನಾವು ಅನುದಾನ ಕೇಳುತ್ತಿಲ್ಲ, ಗುತ್ತಿಗೆ ಕೇಳುತ್ತಿಲ್ಲ, ಉದ್ಘಾಟನೆಗೆ ನಿಮ್ಮನ್ನು ಕರೆದು ತೊಂದರೆಯನ್ನೂ ಕೊಡುವುದಿಲ್ಲ. ಸಾಮಾನು ಮರಳಿಸಿದವರ ಮೇಲಿನ ನೋಟಿಸುಗಳನ್ನು ಹಿಂಪಡೆಯಿರಿ. ಮೈನಾಬಿಯವರನ್ನು ಅವರ ಅಡುಗೆ ಕೋಣೆಗೆ ಮರಳಿ ಕಳಿಸಿ. ಗೋದಾಮಿನ ಬೀಗ ತೆಗೆಸಿ, ಬಾಗಿಲು ಕಿಟಕಿಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಲು ನಮಗೆ ಬಿಡಿ. ಅದಾದ ಮೇಲೆ ನೀವೇ ಬಂದು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ನೋಡಿ. ಆ ಕಟ್ಟಡ ಮಕ್ಕಳಿಗೆ ಯೋಗ್ಯವಲ್ಲವೆಂದು ಆಗಲೂ ಅನಿಸಿದರೆ ಕೆಡವುವ ಆದೇಶಕ್ಕೆ ಸಹಿ ಹಾಕಿ. ಜೆಸಿಬಿಗೆ ನಾವು ಅಡ್ಡ ನಿಲ್ಲುವುದಿಲ್ಲ.

ಆದರೆ ಇದನ್ನು ತಿಂಗಳ ಕೊನೆಯವರೆಗೆ ಎಳೆಯಬೇಡಿ. ಮೊನ್ನೆ ಹಿಟ್ಟಿನ ಗಿರಣಿಯಲ್ಲಿ ಒಬ್ಬರು ನನ್ನ ಬಾಜೂ ಬಂದು ನಿಂತು, ಯಂತ್ರದ ಸದ್ದಿನ ನಡುವೆ ಮೆಲ್ಲಗೆ ಕೇಳಿದರು: "ನಮ್ಮ ಮನ್ಯಾಗೂ ಸಾಲೀದು ಒಂದು ಐತಿ. ಮುಂದಿನ ವಾರ ತರಬೇಕಂತ ಮಾಡಿದ್ದೆ. ಈಗ ತರ್ಲೋ, ಸುಡ್ಲೋ? ನೀ ಓದಿದಾಕಿ, ಹೇಳು." ಅವರು ಯಾರು, ಅವರ ಬಳಿ ಇರುವುದೇನು ಎಂದು ಬರೆಯಲಾರೆ. ಹೆಸರು ಬರೆಯುವುದನ್ನು ನೀವು ನಮಗೆ ಮರೆಸಿದ್ದೀರಿ. "ನಾಲ್ಕು ದಿನ ತಡೀರಿ," ಎಂದಷ್ಟೇ ಹೇಳಿದೆ. ಅವರು ತಡೆದಿದ್ದಾರೆ. ನಾನು ಅವರಿಗೆ ಏನು ಹೇಳಲಿ?

ಇಂತಿ,
ನೋಟಿಸು ಬಾರದೆ ಉಳಿದವರ ಪೈಕಿ ಒಬ್ಬಳು, ಈ ಪತ್ರದಿಂದಾಗಿ ಬಹುಶಃ ಇನ್ನು ಹಾಗೆ ಉಳಿಯದವಳು,
ಫಿರದೋಸ