ಹಂಡೆಯಲ್ಲಿ ಕುದಿಸಿದ ಹೊದಿಕೆ

ಪ್ಲೇಗಿನ ಗುಡಿಸಲುಗಳು, ಹಿರೇಬೆಂಡಿಗೇರಿ
ಜನವರಿ ೧೯೪೧

ಸರೋಜವ್ವನವರಿಗೆ ನೀಲವ್ವನ ನಮಸ್ಕಾರಗಳು.

ನಿಮ್ಮ ಸಮಿತಿ ಕಳಿಸಿದ ಉಣ್ಣೆನೂಲು ಮುಗಿಯಿತು. ಶಾಲೆಯಲ್ಲಿ ಒಂದು ಗಳಿಗೆ ಕೂಡಲಾರದೆ ಬಿಟ್ಟುಬಂದ ನಾನು ಇಲ್ಲಿ ದಿನವಿಡೀ ಕೂತು ಹೊದಿಕೆ ಹೆಣೆಯುತ್ತೇನೆ. ರೋಗಿ ಬದುಕಲಿ, ಸಾಯಲಿ, ಹೊದಿಕೆಯನ್ನು ಸುಡುತ್ತಾರೆ. ಮತ್ತೆ ಹೆಣೆಯುತ್ತೇನೆ. ಬೆರಳು ಸೋತಿವೆ.

ಸುಡುವ ವಿಷಯ ರೋಗಿಗಳಿಗೆ ತಿಳಿಸಬೇಡ ಎಂದಿದ್ದಿರಿ. ಆದರೆ ಹೊನ್ನವ್ವ ಎಂಬ ಮುದುಕಿ, "ಇದನ್ನ ಮನಿಗೆ ಒಯ್ಯಾಕ ಬರ್ತೈತೇನವಾ?" ಎಂದು ಕೇಳಿದಳು. ನನಗೆ ಸುಳ್ಳು ಹೇಳಲಾಗಲಿಲ್ಲ. ಆಕೆ ಹೊದಿಕೆಯನ್ನು ಮಡಚಿ ನನ್ನ ಮಡಿಲಿಗೆ ಹಾಕಿದಳು.

"ನನ್ನ ಹುಗೀತಾರ, ಇದನ್ನ ಸುಡ್ತಾರ. ನಮ್ಮಿಬ್ಬರ ಜೋಡಿ ಕೂಡಂಗಿಲ್ಲ, ತಗೋ. ಬದುಕೋ ಹುಡುಗರಿಗೆ ಹೊಚ್ಚು."

ಜ್ವರದಲ್ಲಿ ಗೋಣಿಚೀಲ ಹೊದ್ದು ನಡುಗಿದಳು. ಇಲ್ಲಿಯ ಡಾಕ್ಟರನ್ನು ಕೇಳಿದೆ. ಸುಡಬೇಕಿಲ್ಲ, ಚೆನ್ನಾಗಿ ಕುದಿಸಿದರೆ ಸಾಕು ಎಂದರು. ನಿಮ್ಮನ್ನು ಕೇಳದೆ, ಗುಣವಾಗಿ ಹೋದವನೊಬ್ಬನ ಹೊದಿಕೆಯನ್ನು ಹಂಡೆಯಲ್ಲಿ ಕುದಿಸಿದೆ. ಉಣ್ಣೆ ದಪ್ಪಗಾಗಿ ಅರ್ಧಕ್ಕೆ ಕುಗ್ಗಿತು. ಅದನ್ನೇ ಒಯ್ದು ಹೊನ್ನವ್ವನಿಗೆ ತೋರಿಸಿದೆ.

ಆಕೆ ಗೇಣು ಹಾಕಿ ನೋಡಿದಳು. "ಮೊಮ್ಮಗನ ತೊಟ್ಟಲಕ್ಕ ಸರಿ ಆಕ್ಕೈತಿ. ಹಂಗಾದ್ರ ನನಗೊಂದು ಹೊಚ್ಚು. ಆಮ್ಯಾಲ ಕುದಿಸಿ ಅವಗ ಕೊಡು" ಎಂದಳು. ಆಕೆ ಮಡಚಿ ಕೊಟ್ಟಿದ್ದನ್ನೇ ಹೊದಿಸಿದೆ.

ನಿನ್ನೆ ಬೆಳಿಗ್ಗೆ ಹೊನ್ನವ್ವ ತೀರಿಕೊಂಡಳು. ಹೊದಿಕೆಯನ್ನು ಕುದಿಸಿ ಬಿಸಿಲಿಗೆ ಹಾಕಿದ್ದೇನೆ. ಸುಡಲು ಯಾರು ಬಂದರೂ ಕೊಡುವುದಿಲ್ಲ, ಒಣಗಿದ ಮೇಲೆ ಆಕೆಯ ಮನೆಗೆ ಮುಟ್ಟಿಸುತ್ತೇನೆ.

ಈ ಸಲ ನೂಲನ್ನು ಹೆಚ್ಚು ಕಳಿಸಿರಿ. ಕುದಿಸಿದ ಮೇಲೂ ದೊಡ್ಡವರಿಗೆ ಸಾಲುವಷ್ಟು ಅಗಲವಾಗಿ ಹೆಣೆಯಬೇಕು.

ನಿಮ್ಮ ಮಾತು ಮೀರಿದ,
ನೀಲವ್ವ